ನಾಲ್ಕನೇ ಸುತ್ತೋಲೆ

ಆರ್ಬರ್ ಫೋರ್ಕ್, ನೆಬ್ರಾಸ್ಕ
12 ಸೆಪ್ಟೆಂಬರ್ 2021, ಭಾನುವಾರ

ಪ್ರೀತಿಯ ಅಪ್ಪನಿಗೆ,

ಫೋನ್ ಮಾಡಬಹುದಿತ್ತು. ಮಾಡಿದರೆ ಎರಡನೇ ನಿಮಿಷಕ್ಕೆ ನೀನು, "ನಿಯಮದ ಪ್ರಶ್ನೆ ಇದ್ರೆ ಬರೆದು ಕಳಿಸು. ಬಾಯಿಮಾತಿನ ತೀರ್ಪು ನಾಲ್ಕು ಊರು ಸುತ್ತೋ ಹೊತ್ತಿಗೆ ಕತ್ತೆ ಹೋಗಿ ಕುದುರೆ ಆಗಿರುತ್ತೆ" ಎಂದು ಫೋನ್ ಇಡುತ್ತೀಯ. ಇಪ್ಪತ್ತೆರಡು ವರ್ಷದಿಂದ ಈ ಆರು ಕೌಂಟಿಗಳ ಶಾಲಾ ಫುಟ್‌ಬಾಲ್ ರೆಫರಿಗಳೆಲ್ಲ ನಿನಗೆ ಅಂಚೆಯಲ್ಲೇ ಪ್ರಶ್ನೆ ಕಳಿಸುತ್ತಿದ್ದಾರೆ. ಮಗಳಿಗೆ ಬೇರೆ ಬಾಗಿಲು ಇಟ್ಟಿಲ್ಲ, ಇರಲಿ. ನಿನಗೆ ಬೇಕಾದ ರೀತಿಯಲ್ಲೇ ಕೇಳುತ್ತಿದ್ದೇನೆ.

ಸಂದರ್ಭ: ಶುಕ್ರವಾರ, ಲಿಪಾ ಮತ್ತು ಡನ್‌ಮೋರ್ ಶಾಲೆಗಳ ಪಂದ್ಯ, ಮೂರನೇ ಕ್ವಾರ್ಟರ್. ಚೆಂಡು ಲಿಪಾದ್ದು. ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿಯಲು ಐದು ಗಜ ಹಿಂದೆ ನಿಂತಿದ್ದಾನೆ. ಸೆಂಟರ್ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಎಸೆದು ಸ್ನ್ಯಾಪ್ ಆದ ಕೂಡಲೇ ಲಿಪಾದ ಎಡ ಗಾರ್ಡ್, 66ನೇ ನಂಬರಿನವನು, ಒಂದು ಹೆಜ್ಜೆ ಹಿಂದಿಟ್ಟು, ತನ್ನ ಎದುರಿಗಿದ್ದ ಡನ್‌ಮೋರ್ ಆಟಗಾರನನ್ನು ಸೊಂಟದ ಕೆಳಗೆ ತಡೆಯುತ್ತಾನೆ. ಸ್ನ್ಯಾಪ್ ವೇಳೆಗೆ ಇಬ್ಬರೂ ಸಾಲಿನಲ್ಲಿದ್ದರು. ಇಬ್ಬರೂ ಆಯತದ ಒಳಗಿದ್ದರು. ತಡೆ ತಕ್ಷಣದ್ದು. ತೀರ್ಪು?

ತಪ್ಪಿನ ಬಾವುಟ ನಾನು ಎಸೆಯಲಿಲ್ಲ. ಅಂಪೈರ್ ನಾನು, ಸಾಲಿನ ನಡುವಿನ ಗಾರ್ಡ್, ಸೆಂಟರ್, ಗಾರ್ಡ್ ಈ ಮೂವರ ಮೇಲೆ ಕಣ್ಣಿಡುವುದು ನನ್ನ ಪಾಲು. ಡನ್‌ಮೋರ್ ಹುಡುಗನ ಮಂಡಿ ಹೋಗಿದೆ. ಈಸ್ಟನ್ ಮಾರೆಶ್ ಅಂತ ಹೆಸರು, ಹದಿನಾರು ವರ್ಷ. ಆಂಬ್ಯುಲೆನ್ಸ್ ಮೈದಾನದೊಳಕ್ಕೇ ಬಂತು. ಅವರ ಕೋಚ್ ರಿಕ್ ಟೀಮನ್ ನನ್ನ ಮುಖಕ್ಕೆ ಮುಖ ತಂದು, "ಏನಮ್ಮಾ, ಕಣ್ಣು ಮನೇಲಿ ಬಿಟ್ಟು ಬಂದಿದ್ಯಾ?" ಎಂದ. ನಮ್ಮ ತೀರ್ಪುಗಾರರ ತಂಡದ ರೆಫರಿ ಗ್ಲೆನ್ ವಾಶಕ್ ಅವನನ್ನು ಆಚೆಗೆ ತಳ್ಳಿದ. ಆಮೇಲೆ ಗ್ಲೆನ್ ಕೂಡ ನನ್ನತ್ತ ನೋಡಿ, "ಏನ್ ನೋಡ್ದೆ ಲಿಬಿ?" ಎಂದು ಕೇಳಿದ. ಈಗ ನಿನಗೆ ಬರೆದದ್ದನ್ನೇ ಅವನಿಗೂ ಹೇಳಿದೆ.

ಟೀಮನ್ ದೂರು ಬರೆಯುತ್ತಾನಂತೆ. ನಾಕೌಟ್ ಪಂದ್ಯಗಳಿಗೆ ನಿಲ್ಲುವ ತೀರ್ಪುಗಾರರ ಪಟ್ಟಿ ಮುಂದಿನ ತಿಂಗಳು ತಯಾರಾಗುತ್ತದೆ. ಬೇಗ ಬರೆ.

ನಿನ್ನ ಲಿಬಿ

*

ಲಿಪಾ ರೋಡ್ ತೋಟ
15 ಸೆಪ್ಟೆಂಬರ್

ಲಿಬಿಗೆ,

ಟೀಮನ್‌ನ ದೂರು ನಿನ್ನ ಪತ್ರಕ್ಕಿಂತ ಒಂದು ದಿನ ಮೊದಲೇ ಬಂದಿದೆ. ಮೂರು ಹಾಳೆ. ಮೊದಲ ಎರಡು ಹಾಳೆಯಲ್ಲಿ ನನ್ನ ಜನ್ಮ ಜಾಲಾಡಿದ್ದಾನೆ, ಮೂರನೆಯದರಲ್ಲಿ ವಿಷಯವಿದೆ.

ನಿಯಮ ನಿನಗೆ ಗೊತ್ತು, ಆದರೂ ಬರೆಯುತ್ತೇನೆ. ಬರೆಯದೆ ನನಗೆ ಯೋಚನೆ ಓಡುವುದಿಲ್ಲ. ಚೆಂಡಿನ ಎರಡೂ ಪಕ್ಕಕ್ಕೆ ನಾಲ್ಕು ನಾಲ್ಕು ಗಜ, ಸಾಲಿನ ಆಚೆ ಈಚೆ ಮೂರು ಮೂರು ಗಜ. ಈ ಆಯತದ ಒಳಗೆ, ಸಾಲಿನಲ್ಲಿ ನಿಂತವನು ಸಾಲಿನಲ್ಲಿ ನಿಂತವನನ್ನು ಸೊಂಟದ ಕೆಳಗೆ ತಡೆಯಬಹುದು. ಚೆಂಡು ಆಯತ ದಾಟಿತೋ, ಆ ಹಕ್ಕು ಮುಗಿಯಿತು. ಈ ವರ್ಷದ ಪುಸ್ತಕದಲ್ಲಿ ಇನ್ನೊಂದು ಮೊಳೆ ಹೊಡೆದಿದ್ದಾರೆ: ಆ ತಡೆ ಸ್ನ್ಯಾಪ್ ಆದ ತಕ್ಷಣ ಆಗಬೇಕು. ತಕ್ಷಣ ಎಂದರೆ ಎಷ್ಟು ಹೊತ್ತು ಎಂದು ಮಾತ್ರ ಬರೆದಿಲ್ಲ. ಬರೆದವರು ತಣ್ಣಗೆ ಮನೆಗೆ ಹೋದರು, ಒದ್ದಾಡುವುದು ನಾವು.

ನಿನ್ನ ಗಾರ್ಡ್ ಒಂದು ಹೆಜ್ಜೆ ಹಿಂದಿಟ್ಟ ಎಂದೆ. ಅಲ್ಲೇ ತೊಡಕು ಇರುವುದು. ಎರಡು ವಿಷಯ ತಿಳಿಸು. ಗಾರ್ಡ್‌ನ ಯಾವ ಭುಜ ಹುಡುಗನ ಯಾವ ಮಂಡಿಗೆ ತಗುಲಿತು? ತಗುಲಿದಾಗ ಹುಡುಗನ ಮುಖ ಯಾವ ಕಡೆಗಿತ್ತು?

ಆಲ್ವಿನ್ ಸೆಡ್ಲಚೆಕ್
ನಿಯಮ ವ್ಯಾಖ್ಯಾನಕಾರ

(ಲಿಬಿ, ನಾನು ಅಮ್ಮ. ಎರಡು ದಿನದಿಂದ ನಿನ್ನಪ್ಪ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ ಗಾರ್ಡು, ಮೆಣಸಿನ ಡಬ್ಬಿ ಡನ್‌ಮೋರ್ ಹುಡುಗ ಅಂತ ಇಟ್ಕೊಂಡು ತಳ್ಳಾಡಿಸ್ತಿದ್ದಾನೆ. ಸೂಪಿಗೆ ಉಪ್ಪು ಹಾಕೋಕೂ ನಾನು ಅಪ್ಪಣೆ ಕೇಳಬೇಕಾಗಿದೆ. ಅವನು ಕೇಳಿದ್ದಕ್ಕೆ ಬೇಗ ಉತ್ತರ ಬರೆದುಬಿಡು.)

*

ಆರ್ಬರ್ ಫೋರ್ಕ್
19 ಸೆಪ್ಟೆಂಬರ್

ಅಪ್ಪ,

ಯಾವ ಭುಜ, ಯಾವ ಮಂಡಿ! ಪೊಲೀಸು ಪಂಚನಾಮೆಯೇ ಇದು? ಹನ್ನೊಂದು ಜನರ ವಿರುದ್ಧ ಹನ್ನೊಂದು ಜನ, ಎಲ್ಲರೂ ಒಂದೇ ಸಲ ಎದ್ದು ಬೀಳುತ್ತಾರೆ. ಎಡವೋ ಬಲವೋ ಎಂದು ಗುರುತು ಹಾಕಿಕೊಂಡು ನಿಲ್ಲಲಾಗುತ್ತದೆಯೇ? ತಡೆ ಎದುರಿನಿಂದ ಬಂತು, ತಕ್ಷಣ ಬಂತು, ಆಯತದ ಒಳಗೆ ಬಂತು. ತೀರ್ಪಿಗೆ ಬೇಕಾದದ್ದು ಈ ಮೂರೇ ತಾನೆ? ಇನ್ನೇನು ಬೇಕು ನಿನಗೆ?

ಪಂದ್ಯದ ವಿಡಿಯೊ ತರಿಸಿ ನೋಡಿದೆವು. ಲಿಪಾ ಶಾಲೆಯ ಕ್ಯಾಮೆರಾದವನು ಚೆಂಡಿನ ಹಿಂದೆಯೇ ಓಡಿದ್ದಾನೆ. ಎಡ ಗಾರ್ಡ್ ಅರ್ಧ ಕ್ಷಣ ಚೌಕಟ್ಟಿನಲ್ಲಿದ್ದಾನೆ, ಆಮೇಲೆ ಬರೀ ಹುಲ್ಲು. ಹಾಗಾಗಿ ಇರುವುದು ನನ್ನ ಮಾತು ಒಂದೇ. ನನ್ನ ಮಾತಿಗೆ ಬೆಲೆಯಿದೆಯೋ ಇಲ್ಲವೋ ಹೇಳು, ಸಾಕು.

ರೆಫರಿಗಳ ಸೋಮವಾರದ ಸಭೆಯಲ್ಲಿ ನಾನು ಬಂದು ಕೂತರೆ ಮಾತು ನಿಲ್ಲುತ್ತದೆ. ಬಟ್ಟಲಿಗೆ ಚಿಲ್ಲಿ ಸೂಪು ಬಡಿಸಿ, ಸಿನಮನ್ ರೋಲ್ ತಟ್ಟೆಗೆ ಹಾಕಿ, ಹವಾಮಾನ ವಿಚಾರಿಸುತ್ತಾರೆ. ಹೆಂಗಸು ಅಂಪೈರ್ ಜಾಗದಲ್ಲಿ ನಿಲ್ಲಬಾರದು, ಅಲ್ಲಿ ಏಟು ಬೀಳುತ್ತದೆ ಎಂದು ಹನ್ನೊಂದು ವರ್ಷದ ಹಿಂದೆ ಹೇಳಿದವರೇ ಇವರು. ಈಗ ಬಾಯಿ ಬಿಟ್ಟು ಏನೂ ಹೇಳುವುದಿಲ್ಲ. ಹೇಳಿದ್ದರೆ ತಿರುಗಿಸಿ ಕೊಡುತ್ತಿದ್ದೆ. ಈ ಮರ್ಯಾದೆ ನೋಡಿಯೇ ನನಗೆ ಮೈ ಉರಿಯುತ್ತಿದೆ.

ಈ ಸಲ ನಾಕೌಟ್ ಪಟ್ಟಿಯಲ್ಲಿ ನನ್ನ ಹೆಸರು ಬರಲೇಬೇಕು. ಇದಕ್ಕಿಂತ ಬಿಡಿಸಿ ಕೇಳಲು ನನಗೆ ಬರುವುದಿಲ್ಲ.

ಲಿಬಿ

*

ಲಿಪಾ ರೋಡ್ ತೋಟ
22 ಸೆಪ್ಟೆಂಬರ್

ಲಿಬಿಗೆ,

ಜೊತೆಗಿರುವ ಹಾಳೆ ಈ ದಿನವೇ ಆರು ಕೌಂಟಿಗಳ ಎಲ್ಲ ರೆಫರಿಗಳಿಗೂ ಕೋಚ್‌ಗಳಿಗೂ ಹೋಗಿದೆ.

ಸುತ್ತೋಲೆ 4. ಸಂದರ್ಭ: ಕ್ವಾರ್ಟರ್‌ಬ್ಯಾಕ್ ಹಿಂದೆ ನಿಂತಿದ್ದಾಗ, ಸಾಲಿನ ಗಾರ್ಡ್ ಸ್ನ್ಯಾಪ್ ಆದ ಮೇಲೆ ಒಂದು ಹೆಜ್ಜೆ ಹಿಂದಿಟ್ಟು, ಆಯತದ ಒಳಗೆ, ಎದುರಿಗಿದ್ದ ಸಾಲಿನ ಆಟಗಾರನನ್ನು ಸೊಂಟದ ಕೆಳಗೆ ತಡೆಯುತ್ತಾನೆ. ತೀರ್ಪು: ಹೆಜ್ಜೆ ಮತ್ತು ತಡೆ ಒಂದೇ ಚಲನೆಯ ಭಾಗವಾಗಿದ್ದರೆ ಅದು ತಕ್ಷಣದ್ದೇ. ತಡೆ ನಿಯಮಬದ್ಧ. ದಂಡವಿಲ್ಲ.

ನೀನು ಕೇಳಿದ್ದು ಸಿಕ್ಕಿತು. ನಾನು ಕೇಳಿದ್ದು ಸಿಗಲಿಲ್ಲ.

ಕೊಯ್ಲು ಬೇಗ ಶುರುವಾಗುತ್ತದೆ ಈ ವರ್ಷ. ಜೋಳ ಒಣಗಿ ನಿಂತಿದೆ.

ಆಲ್ವಿನ್ ಸೆಡ್ಲಚೆಕ್
ನಿಯಮ ವ್ಯಾಖ್ಯಾನಕಾರ

*

ಆರ್ಬರ್ ಫೋರ್ಕ್
3 ಅಕ್ಟೋಬರ್

ಅಪ್ಪ,

ಶುಕ್ರವಾರದ್ದು ಹೇಳುತ್ತೇನೆ, ಕೇಳು. ಓದಿ ನಗಬೇಡ. ಇಲ್ಲ, ನಗು. ನನಗಂತೂ ನಗು ಬರಲಿಲ್ಲ.

ಪಂದ್ಯ ಶುರುವಾದಾಗಿನಿಂದ ಒಂದು ತಂಡದ ಗಾರ್ಡ್‌ಗಳು ವಿಚಿತ್ರವಾಗಿ ಆಡುತ್ತಿದ್ದರು. ಸ್ನ್ಯಾಪ್ ಆಗುತ್ತದೆ, ಒಂದು ಹೆಜ್ಜೆ ಹಿಂದೆ ಹೋಗುತ್ತಾರೆ, ಎದುರಿನವನು ಎದ್ದು ನಿಂತು ಓಡಿಬರುವ ತನಕ ಕಾಯುತ್ತಾರೆ, ಆಮೇಲೆ ಅವನ ಮಂಡಿಗೆ ಬೀಳುತ್ತಾರೆ. ಎದ್ದು ನಿಂತವನ ಕಾಲಿನ ಮೇಲೆ ಪೂರ್ತಿ ಭಾರವಿರುತ್ತದೆ, ನಿನಗೆ ಗೊತ್ತು. ಎರಡನೇ ಸಲಕ್ಕೆ ನಾನು ಬಾವುಟ ಎಸೆದೆ. ಕಣ್ಣಾರೆ ನೋಡಿದ್ದೆ. ಗಾರ್ಡ್‌ನ ಬಲ ಭುಜ, ಹುಡುಗನ ಎಡ ಮಂಡಿ. ಇದನ್ನೂ ಬರೆದಿದ್ದೇನೆ, ತೃಪ್ತಿಯೇ?

ಅವರ ಕೋಚ್ ಬ್ರೆಂಟ್ ಹೋಲೂಬ್ ಟೈಮ್‌ಔಟ್ ಕೇಳಿದ. ನಿಯಮ ತಪ್ಪಾಗಿ ಹೇಳಿದ್ದಾರೆ, ಚರ್ಚೆಯಾಗಬೇಕು ಎಂದ. ಅದು ಅವನ ಹಕ್ಕು, ಕೇಳಲಿ. ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದ ಹಾಳೆಯೊಂದನ್ನು ತೆಗೆದ. ನೀರು ಬಿದ್ದರೂ ಹಾಳಾಗದ ಹಾಗೆ ಕವರಿನಲ್ಲಿ ಹಾಕಿಟ್ಟಿದ್ದಾನೆ, ಅಪ್ಪ!

"ನಾಲ್ಕನೇ ಸುತ್ತೋಲೆ. ಓದ್ಕೊ ಗ್ಲೆನ್. ಹೆಜ್ಜೆ, ತಡೆ, ಒಂದೇ ಚಲನೆ. ಕೆಳಗೆ ಸೈನ್ ಯಾರ್ದು ನೋಡು. ಇವಳಪ್ಪಂದೇ!"

ನಾನು, "ಅವನು ಹೆಜ್ಜೆ ಇಟ್ಟು ಕಾಯ್ತಿದ್ದ ಕಣೋ, ಹೋಲೂಬ್. ಒಂದೇ ಚಲನೆ ಎಲ್ಲಿಂದ ಬಂತು?" ಎಂದೆ.

"ಎಷ್ಟು ಹೊತ್ತು ಕಾಯ್ದ? ಗಡಿಯಾರ ಇಟ್ಕೊಂಡಿದ್ಯಾ? ಲಿಪಾ ಪಂದ್ಯದಲ್ಲಿ ಇದಕ್ಕಿಂತ ಹೆಚ್ಚು ಕಾಯ್ದಿದ್ದ ಅಂತಾರೆ, ಅಲ್ಲಿ ಬಾವುಟ ಬರ್ಲಿಲ್ವಲ್ಲ?"

ಗ್ಲೆನ್ ಹಾಳೆಯನ್ನು ಎರಡು ಸಲ ಓದಿದ. ನನ್ನ ಮುಖ ನೋಡಲಿಲ್ಲ. ಬಗ್ಗಿ ನನ್ನ ಬಾವುಟ ಎತ್ತಿ ನನ್ನ ಕೈಗೇ ಕೊಟ್ಟ. ದಂಡವಿಲ್ಲ ಎಂದು ಕೈ ಆಡಿಸಿದ. ಇನ್ನೂರು ಜನ ಹೋ ಎಂದರು.

ಏಟು ತಿಂದ ಹುಡುಗ ಕುಂಟುತ್ತಾ ಎದ್ದ, ಆಡಿದ. ಅದೃಷ್ಟ. ನಮ್ಮ ಬುದ್ಧಿಯಿಂದ ಅವನು ಎದ್ದದ್ದಲ್ಲ. ಪಂದ್ಯದಲ್ಲಿ ಆ ತಡೆ ಇನ್ನೂ ಹನ್ನೊಂದು ಸಲ ಬಂತು. ಪ್ರತಿ ಸಲವೂ ನಾನು ಬಾವುಟದ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಿಂತೆ.

ಸುತ್ತೋಲೆ ವಾಪಸ್ ತೆಗೆದುಕೊ. ಅದು ತಪ್ಪು. ಕೋಚ್‌ಗಳು ಅದನ್ನು ಹಿಡಿದು ಹುಡುಗರಿಗೆ ಪಾಠ ಮಾಡುತ್ತಿದ್ದಾರೆ.

ಲಿಬಿ

*

ಲಿಪಾ ರೋಡ್ ತೋಟ
6 ಅಕ್ಟೋಬರ್

ಲಿಬಿಗೆ,

ಎತ್ತು ಈಯಿತು ಎಂದು ನೀನು ಬರೆದೆ, ಕೊಟ್ಟಿಗೆಗೆ ಕಟ್ಟು ಎಂದು ನಾನು ಬರೆದೆ. ಈಗ ಎತ್ತು ಈಯುವುದಿಲ್ಲ ಅಪ್ಪ ಎಂದು ನನಗೇ ಬುದ್ಧಿ ಹೇಳುತ್ತೀಯಾ?

ಇಪ್ಪತ್ತೆರಡು ವರ್ಷದಲ್ಲಿ ಒಂದು ಸುತ್ತೋಲೆಯನ್ನೂ ಋತುವಿನ ಮಧ್ಯೆ ವಾಪಸ್ ತೆಗೆದುಕೊಂಡವನಲ್ಲ ನಾನು. ತೀರ್ಪು ಎಂದರೆ ಅಂಗಿಯಲ್ಲ, ಬೆವರು ಹತ್ತಿತು ಎಂದು ಬದಲಿಸಲು. ಹೋಲೂಬ್ ಅದನ್ನು ತಿರುಚುತ್ತಿದ್ದರೆ ಅದು ಹೋಲೂಬನ ದುರ್ಬುದ್ಧಿ. ಸುತ್ತೋಲೆಯಲ್ಲಿ "ಒಂದೇ ಚಲನೆ" ಎಂದು ಸ್ಪಷ್ಟವಾಗಿದೆ. ಓದಲು ಬಾರದ ಗ್ಲೆನ್‌ಗೆ ನಾನೇನು ಮಾಡಲಿ? ಈ ಋತು ಮುಗಿಯಲಿ, ಆಮೇಲೆ ನೋಡೋಣ.

ಸೋಮವಾರ ಆ ಹುಡುಗನ ತಾಯಿ ಫೋನ್ ಮಾಡಿದ್ದಳು. ಜನೀನ್ ಮಾರೆಶ್. ನನ್ನ ನಂಬರ್ ಟೀಮನ್ ಕೊಟ್ಟನಂತೆ. ಶಸ್ತ್ರಚಿಕಿತ್ಸೆ ಆಗಿದೆ. ಒಂದು ವರ್ಷ ಆಟವಿಲ್ಲ, ಆಮೇಲೂ ಖಾತ್ರಿಯಿಲ್ಲ. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. "ಸರ್, ಒಂದೇ ಒಂದು ಕೇಳ್ಬೇಕಿತ್ತು. ಆ ಏಟು ಸರಿಯಾದ್ದಾ? ನಿಯಮದೊಳಗಿತ್ತಾ?" ಎಂದಳು.

ನಿಯಮದೊಳಗಿತ್ತು ಎಂದೆ.

"ಹಾಗಾದ್ರೆ ನಮ್ ಹುಡ್ಗ ಏನ್ ಮಾಡ್ಬೇಕಿತ್ತು?"

ಕೆಳಗೆ ಬರುವ ತಡೆಗೆ ಎದುರಿನವನು ಕೈಗಳನ್ನು ಬೇಗ ಇಳಿಸಿ, ಬಂದವನ ಭುಜ ನೆಲಕ್ಕೆ ಅದುಮಿ, ಕಾಲು ಹಿಂದೆಳೆಯಬೇಕು, ಅವನ ಕೈ ತಡವಾಗಿರಬೇಕು ಎಂದೆ. ಪುಸ್ತಕ ಹೇಳುವುದು ಅದನ್ನೇ. "ಸರಿ ಸರ್, ಅವನಿಗೆ ಹೇಳ್ತೀನಿ" ಎಂದು ಫೋನ್ ಇಟ್ಟಳು.

ಎರಡು ರಾತ್ರಿ ನಿದ್ದೆ ಬಂದಿಲ್ಲ. ಕೊಯ್ಲಿನ ದೂಳಿಗೆ ಕೆಮ್ಮು.

ಅಪ್ಪ

*

ಆರ್ಬರ್ ಫೋರ್ಕ್
10 ಅಕ್ಟೋಬರ್

ಅಪ್ಪ,

ಇದನ್ನು ಐದು ಸಲ ಬರೆದು ಹರಿದಿದ್ದೇನೆ. ಆರನೆಯದನ್ನು ಓದದೆ ಲಕೋಟೆಗೆ ಹಾಕುತ್ತೇನೆ.

ನಾನು ನೋಡಲಿಲ್ಲ.

ಆ ಸ್ನ್ಯಾಪ್ ಕ್ವಾರ್ಟರ್‌ಬ್ಯಾಕ್‌ನ ತಲೆಯ ಮೇಲಿಂದ ಹಾರಿಹೋಯಿತು. ನನ್ನ ಮೊದಲ ಪತ್ರದಲ್ಲಿ ಆ ಮಾತೇ ಇಲ್ಲ. ಮರೆತದ್ದಲ್ಲ, ಬಿಟ್ಟದ್ದು. ನಾನು ನಿಂತಿದ್ದು ಸಾಲಿನ ಈಚೆ, ಎದುರಿಗೇ ಚೆಂಡು ಏರಿತು, ನನ್ನ ಕಣ್ಣು ಅದರ ಜೊತೆ ಹೋಯಿತು. ಮೊದಲ ವರ್ಷದ ಹುಡುಗರಿಗೆ ನಾನೇ ಬೈಯುತ್ತೇನೆ: ಚೆಂಡು ಯಾರನ್ನೂ ಒದೆಯೋದಿಲ್ಲ ಕಣ್ರೋ, ಅದನ್ಯಾಕೆ ನೋಡ್ತೀರಿ, ಮೂವರನ್ನ ನೋಡಿ. ಹನ್ನೊಂದು ವರ್ಷ ಆ ಮೂವರನ್ನು ಬಿಟ್ಟು ಕಣ್ಣು ಎತ್ತದವಳು, ಅವತ್ತು ಜಾತ್ರೆಗೆ ಬಂದವಳ ಹಾಗೆ ಚೆಂಡು ನೋಡುತ್ತಾ ನಿಂತೆ.

ಕಣ್ಣು ಇಳಿಸಿದಾಗ ಗಾರ್ಡ್ ಮತ್ತು ಈಸ್ಟನ್ ಇಬ್ಬರೂ ನೆಲಕ್ಕೆ ಬೀಳುತ್ತಿದ್ದರು. ಆಗಲೇ ಬೀಳುತ್ತಿದ್ದರು. ಅಷ್ಟು ಹೊತ್ತಿಗೆ ಚೆಂಡು ಸಾಲಿನಿಂದ ಹದಿನೈದು ಗಜ ಹಿಂದೆ ಹುಲ್ಲಿನ ಮೇಲೆ ಉರುಳುತ್ತಿತ್ತು. ಅಂದರೆ ತಡೆ ತಡವಾಗಿತ್ತು. ನನಗೆ ಆ ಕ್ಷಣವೇ ಗೊತ್ತಾಯಿತು. ಆದರೆ ತಗುಲಿದ್ದನ್ನು ನೋಡಿರಲಿಲ್ಲ. ನೋಡದ್ದಕ್ಕೆ ಬಾವುಟ ಎಸೆಯಬಾರದು ಎಂದು ಹೇಳಿಕೊಟ್ಟವನು ನೀನು. ಎಸೆಯಲಿಲ್ಲ. ಅಲ್ಲಿಯವರೆಗೂ ನನ್ನದು ತಪ್ಪು ಮಾತ್ರ. ಯಾವ ಅಂಪೈರ್‌ಗೂ ಆಗಬಹುದಾದ ತಪ್ಪು.

ಗ್ಲೆನ್ ಬಂದು "ಏನ್ ನೋಡ್ದೆ?" ಎಂದಾಗ "ನೋಡಲಿಲ್ಲ" ಎನ್ನಬೇಕಿತ್ತು. ಒಂದೇ ಮಾತು. ಆ ಹುಡುಗ ಹುಲ್ಲು ಕಿತ್ತು ಕಿತ್ತು ಕಿರುಚುತ್ತಿದ್ದ, ಟೀಮನ್ ಕಣ್ಣು ಮನೆಯಲ್ಲಿ ಬಿಟ್ಟು ಬಂದಿದ್ದೀಯಾ ಎಂದು ಅರಚುತ್ತಿದ್ದ, ಹೌದು ಎನ್ನಲು ನನಗೆ ಬಾಯಿ ಬರಲಿಲ್ಲ. ಆ ಮನುಷ್ಯ ಸರಿಯಾಗಿಯೇ ಹೇಳಿದ್ದ, ಅದಕ್ಕೇ ನನಗೆ ಅವನ ಮೇಲೆ ಅಷ್ಟು ಕೋಪ ಬಂದದ್ದು. ಆಮೇಲೆ ನಿನಗೆ ಪತ್ರ ಬರೆದೆ. ಪುಸ್ತಕದ ಮಾತುಗಳನ್ನು ಒಂದರ ಪಕ್ಕ ಒಂದು ಜೋಡಿಸಿದೆ. ಒಂದು ಹೆಜ್ಜೆ ಹಿಂದೆ ಎಂದದ್ದು ಕೂಡ ಊಹೆ. ಗಾರ್ಡ್‌ಗಳು ಸಾಮಾನ್ಯವಾಗಿ ಹಾಗೆ ಮಾಡುತ್ತಾರಲ್ಲ, ನಿಜದಂತೆ ಕಾಣಲಿ ಎಂದು ಸೇರಿಸಿದೆ. ಆ ಸುಳ್ಳು ಹೆಜ್ಜೆಯ ಮೇಲೆ ನಿನ್ನ ಸುತ್ತೋಲೆ ನಿಂತಿದೆ, ಆ ಸುತ್ತೋಲೆ ಹಿಡಿದು ಹೋಲೂಬ್ ಹುಡುಗರಿಗೆ ಹೆಜ್ಜೆ ಕಲಿಸುತ್ತಿದ್ದಾನೆ.

ಹೋಲೂಬನದು ದುರ್ಬುದ್ಧಿ ಎಂದೆಯಲ್ಲ. ನನ್ನದಕ್ಕೆ ಏನು ಹೆಸರಿಡುತ್ತೀಯೋ ಇಡು.

ಈಸ್ಟನ್‌ನ ಕೈ ತಡವಾಯಿತು ಎಂದು ನೀನು ಅವನ ತಾಯಿಗೆ ಹೇಳಿದ್ದನ್ನು ಓದಿದ ಮೇಲೆಯೇ ಇದನ್ನು ಬರೆಯಲು ಕೂತೆ. ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು ಎನ್ನುತ್ತಾರಲ್ಲ, ಒರೆಸಿದ ಕೈ ನಿನ್ನದಾದರೂ ತಿಂದವಳು ನಾನು.

ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ಲಿಬಿ

*

ಲಿಪಾ ರೋಡ್ ತೋಟ
14 ಅಕ್ಟೋಬರ್

ಲಿಬಿ,

ನನಗೆ ಗೊತ್ತಿತ್ತು.

ನಿನ್ನ ಮೊದಲ ಪತ್ರ ಓದಿದ ದಿನವೇ ಗೊತ್ತಿತ್ತು. ನೋಡಿದವರು ಹಾಗೆ ಬರೆಯುವುದಿಲ್ಲ. ನೋಡಿದವರು ಮೊದಲು ಹುಡುಗನ ಕಾಲಿನ ಬಗ್ಗೆ ಬರೆಯುತ್ತಾರೆ, ಆಮೇಲೆ ಆಯತ, ಸಾಲು. ನೀನು ಆಯತ, ಸಾಲು ಎಲ್ಲ ಬರೆದೆ, ಕಾಲು ಬರೆಯಲೇ ಇಲ್ಲ. ಟೀಮನ್‌ನ ಮೂರನೇ ಹಾಳೆಯಲ್ಲಿ ಚೆಂಡು ತಲೆಯ ಮೇಲಿಂದ ಹೋಯಿತು ಎಂದು ದಪ್ಪ ಅಕ್ಷರದಲ್ಲಿತ್ತು. ನಿನ್ನ ಪತ್ರದಲ್ಲಿ ಅದು ಇರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಎರಡು ದಿನ ಕೂತೆ. ಭುಜ ಯಾವುದು, ಮಂಡಿ ಯಾವುದು ಎಂದು ಕೇಳಿದ್ದು ನಿನಗೆ ಒಂದು ದಾರಿ ಬಿಡಲು. ನೋಡಲಿಲ್ಲ ಅಪ್ಪ ಎಂದು ಬರೆಯುತ್ತೀ ಎಂದುಕೊಂಡೆ. ನೀನು ಬೈದು ಬರೆದೆ, ಪಟ್ಟಿಯಲ್ಲಿ ಹೆಸರು ಬರಬೇಕು ಎಂದು ಬರೆದೆ. ನನಗೂ ಆ ಪಟ್ಟಿಯಲ್ಲಿ ಸೆಡ್ಲಚೆಕ್ ಎಂಬ ಹೆಸರು ಬೇಕಿತ್ತು. ನನ್ನ ಮಂಡಿಗಳು ಕೈಕೊಟ್ಟ ಮೇಲೆ ಆ ಹೆಸರು ಯಾವ ನಾಕೌಟ್ ಪಂದ್ಯದಲ್ಲೂ ಬಂದಿಲ್ಲ.

ಹಾಗಾಗಿ ನಿನ್ನ ತಪ್ಪಿಗಿಂತ ನನ್ನದು ದೊಡ್ಡದು. ನೀನು ಹೆದರಿ ಸುಳ್ಳು ಹೇಳಿದೆ. ನಾನು ಪುಸ್ತಕ ಬಿಚ್ಚಿಟ್ಟುಕೊಂಡು, ಕನ್ನಡಕ ಒರೆಸಿಕೊಂಡು, ನಿಧಾನವಾಗಿ ಯೋಚಿಸಿ ಬರೆದೆ. ಬೇಲಿಯೇ ಎದ್ದು ಹೊಲ ಮೇಯಿತು. ಆಮೇಲೆ ಆ ತಾಯಿಗೆ ಮಗನ ಕೈ ತಡವಾಯಿತು ಎಂದೆ. ಆ ಮಾತು ಹೇಳುವಾಗ ನನ್ನ ದನಿ ನಡುಗಲೂ ಇಲ್ಲ, ಲಿಬಿ. ಅದೇ ನನಗೆ ಈಗ ಭಯವಾಗುತ್ತಿರುವುದು.

ಕೆಳಗಿನದು ನಾಳೆ ಎಲ್ಲರಿಗೂ ಹೋಗುತ್ತದೆ. ನಿನ್ನ ಹೆಸರು ಹಾಕಿಲ್ಲ. ಅದನ್ನು ಹೇಳಬೇಕಾದವಳು ನೀನು.

ಸುತ್ತೋಲೆ 5. ನಾಲ್ಕನೇ ಸುತ್ತೋಲೆಯನ್ನು ರದ್ದು ಮಾಡಲಾಗಿದೆ. ಗಾರ್ಡ್ ಹೆಜ್ಜೆ ಹಿಂದಿಟ್ಟು ಆಮೇಲೆ ಸೊಂಟದ ಕೆಳಗೆ ತಡೆದರೆ ಅದು ತಕ್ಷಣದ್ದಲ್ಲ. ಚೆಂಡು ಆಯತ ದಾಟಿದ ಮೇಲೆ ತಡೆದರೆ ಅದಂತೂ ಅಲ್ಲವೇ ಅಲ್ಲ. ದಂಡ ಹದಿನೈದು ಗಜ. ಸೆಪ್ಟೆಂಬರ್ 10ರ ಲಿಪಾ–ಡನ್‌ಮೋರ್ ಪಂದ್ಯದ ತಡೆ ನಿಯಮಬಾಹಿರವಾಗಿತ್ತು. ನಿಯಮದಲ್ಲಿ ಗೊಂದಲವಿರಲಿಲ್ಲ. ವ್ಯಾಖ್ಯಾನಕಾರನಿಗೆ ವಿಷಯ ಗೊತ್ತಿತ್ತು, ಗೊತ್ತಿದ್ದೂ ಬೇರೆ ಬರೆದ. ಈ ಕೆಲಸಕ್ಕೆ ಅವನ ರಾಜೀನಾಮೆಯನ್ನು ಇದರೊಂದಿಗೆ ಲಗತ್ತಿಸಲಾಗಿದೆ.

ನಿನ್ನಮ್ಮ ಇದನ್ನು ಓದಿದಳು. ಒಲೆ ಹಚ್ಚಿ ಕಾಫಿ ಮಾಡಿಕೊಟ್ಟಳು.

ಅಪ್ಪ

*

ಆರ್ಬರ್ ಫೋರ್ಕ್
20 ಅಕ್ಟೋಬರ್, ಬುಧವಾರ

ಅಪ್ಪ,

ಸೋಮವಾರ ಸಭೆಯಲ್ಲಿ ಗ್ಲೆನ್ ಐದನೆಯದನ್ನು ಗಟ್ಟಿಯಾಗಿ ಓದಿದ. ಮುಗಿದ ಮೇಲೆ ನಾನು ಎದ್ದು ನಿಂತು ಹೇಳಿದೆ. ಚೆಂಡು ನೋಡುತ್ತಾ ನಿಂತಿದ್ದೆ, ನೋಡಿದೆ ಎಂದು ಸುಳ್ಳು ಹೇಳಿದೆ ಎಂದೆ. ಗ್ಲೆನ್ ಒಬ್ಬನೇ ಮಾತಾಡಿದ್ದು. "ಅವತ್ತೇ ಹೇಳಿದ್ರೆ, ಲಿಬಿ, ಬರೀ ಬೈದು ಬಿಡ್ತಿದ್ದೆ" ಎಂದ. ಅವನ ಮುಖ ನೋಡಲಾಗಲಿಲ್ಲ. ಈ ಋತು ನನಗೆ ಇನ್ನು ಪಂದ್ಯಗಳಿಲ್ಲ. ಮುಂದಿನ ವರ್ಷದ್ದನ್ನು ಅವರು ಕೂತು ನಿರ್ಧರಿಸುತ್ತಾರಂತೆ. ನಿರ್ಧರಿಸಲಿ.

ನಿನ್ನೆ ಡನ್‌ಮೋರ್‌ಗೆ ಹೋದೆ. ಜನೀನ್ ಬಾಗಿಲು ತೆಗೆದಳು. ಯಾರು ಎಂದು ಹೇಳಿದೆ. ಒಳಗೆ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. "ಅವನು ಕೆಳಗಿದಾನೆ. ಅಭ್ಯಾಸ ಮಾಡ್ತಿದಾನೆ" ಎಂದಳು. ಮಂಡಿಗೆ ಪಟ್ಟಿ ಕಟ್ಟಿಕೊಂಡವನು ಏನು ಅಭ್ಯಾಸ ಮಾಡುತ್ತಾನೆ ಎಂದು ನನಗೆ ಅರ್ಥವಾಗಲಿಲ್ಲ.

ನೆಲಮಾಳಿಗೆಯ ಕಂಬಕ್ಕೆ ಹಳೆಯ ಹಾಸಿಗೆಯೊಂದನ್ನು ಹಗ್ಗದಲ್ಲಿ ಬಿಗಿದಿದ್ದಾರೆ. ಅದರ ಎದುರು ಕುರ್ಚಿ. ಊರುಗೋಲು ಪಕ್ಕಕ್ಕಿಟ್ಟು, ಕಾಲು ಉದ್ದಕ್ಕೆ ಚಾಚಿ ಈಸ್ಟನ್ ಕೂತಿದ್ದ. ಎರಡೂ ಕೈಗಳನ್ನು ಎದೆಯ ಹತ್ತಿರದಿಂದ ಕೆಳಕ್ಕೆ ಬೀಸಿ ಹಾಸಿಗೆಯನ್ನು ಅದುಮುತ್ತಿದ್ದ. ಎಣಿಸುತ್ತಿದ್ದ. ಮುನ್ನೂರ ಹನ್ನೆರಡು, ಮುನ್ನೂರ ಹದಿಮೂರು. ದಿನಕ್ಕೆ ಐದುನೂರಂತೆ. ನೀನು ಅವನ ತಾಯಿಯ ಜೊತೆ ಮಾತಾಡಿದ ದಿನದಿಂದ.

ನಿಂತುಕೊಂಡೇ ಹೇಳಿದೆ. ಆ ಏಟು ನಿಯಮಬಾಹಿರ. ಚೆಂಡು ಹೋಗಿ ಎಷ್ಟೋ ಹೊತ್ತಾಗಿತ್ತು. ನಾನು ನೋಡಬೇಕಿತ್ತು, ನೋಡಲಿಲ್ಲ. ನೋಡಿದೆ ಎಂದು ಸುಳ್ಳು ಹೇಳಿದೆ.

ಅವನ ಕೈ ಹಾಸಿಗೆಯ ಮೇಲೇ ನಿಂತಿತು.

"ಹಾಗಾದ್ರೆ ನನ್ ಕೈ ಲೇಟಾಗಿರ್ಲಿಲ್ವಾ?"

"ಇಲ್ಲ ಕಣೋ. ಚೆಂಡು ಹಾರಿದ ಮೇಲೆ ನೀನು ಅದರ ಕಡೆ ತಿರುಗಿರ್ತೀಯ. ತಿರುಗಬೇಕಾದ್ದೇ. ಆಗ ಯಾರ ಕೈಯೂ ಅಲ್ಲಿ ಇರಲ್ಲ."

"ನಾನು ಅದನ್ನೇ ಹೇಳ್ದೆ. ಆಸ್ಪತ್ರೇಲೂ ಹೇಳ್ದೆ. ನಮ್ಮಪ್ಪ ಕೇಳ್ಲಿಲ್ಲ, ನೆಪ ಹೇಳ್ಬೇಡ, ಅಷ್ಟು ದೊಡ್ ಮನುಷ್ಯ ನಿಯಮ ನೋಡಿ ಹೇಳಿದಾರೆ, ನಿನ್ ಕೈ ನಿಧಾನ ಅಂದ್ರು. ಈ ಹಾಸಿಗೆ ಕಟ್ಟಿಕೊಟ್ಟಿದ್ದು ಅಪ್ಪಾನೇ." ಊರುಗೋಲು ಹತ್ತಿರಕ್ಕೆ ಎಳೆದುಕೊಂಡು, "ನೀವೇ ಅವರಿಗೆ ಹೇಳ್ತೀರಾ? ನಾನು ಹೇಳಿದ್ರೆ ಮತ್ತೆ ನೆಪ ಅಂತಾರೆ" ಎಂದ.

ಹೇಳುತ್ತೇನೆ ಎಂದೆ. ಮೇಲೆ ಬಂದಾಗ ಜನೀನ್ ಮೆಟ್ಟಿಲ ಮೇಲೆ ಕೂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. "ಎರಡು ವಾರ ಅವನು ನಮ್ಮ ಎದುರೇ ಐದೈದುನೂರು ಎಣಿಸಿದ" ಎಂದಳು, ಅಷ್ಟೇ. ಬೈಯಲಿ ಎಂದು ಕಾದೆ. ಕಣ್ಣು ಒರೆಸಿಕೊಂಡು, ಗಂಡ ಉತ್ತರದ ಹೊಲದಲ್ಲಿದ್ದಾನೆ ಎಂದು ದಾರಿ ತೋರಿಸಿದಳು.

ಕೊಯ್ಲು ಯಂತ್ರ ಹೊಲದ ಆ ತುದಿಯಲ್ಲಿತ್ತು. ಬದುವಿನಲ್ಲಿ ನಿಂತು ಅದು ತಿರುಗಿ ಬರುವವರೆಗೆ ಕಾದೆ. ಮಾರೆಶ್ ಎಂಜಿನ್ ನಿಲ್ಲಿಸದೆ ಬಾಗಿಲು ತೆರೆದ. ಗದ್ದಲದಲ್ಲಿ ಕೂಗಿ ಕೂಗಿ ಹೇಳಿದೆ. ನಡುವೆ ಎಲ್ಲೋ ಅವನು ಕೈ ಚಾಚಿ ಎಂಜಿನ್ ಆರಿಸಿದ. ಉಳಿದದ್ದನ್ನು ನಿಶ್ಶಬ್ದದಲ್ಲಿ ಹೇಳಬೇಕಾಯಿತು, ಅದು ಇನ್ನೂ ಕಷ್ಟ. ಕೊನೆಗೆ ಐದನೇ ಸುತ್ತೋಲೆಯ ಪ್ರತಿಯನ್ನು ಅವನ ಕೈಗೆ ಕೊಟ್ಟೆ.

ಅವನು ಓದಲಿಲ್ಲ. ಮಡಿಸಿ ನನಗೇ ವಾಪಸ್ ಕೊಟ್ಟ. "ಬರೆಯೋದೆಲ್ಲ ಬರೆದಾಯ್ತಲ್ಲ. ನನ್ ಮಗನ ಕೈ ನಿಧಾನ ಅಂತ ಬಾಯಿಂದ ಹೇಳಿದ್ದು ಯಾರು? ಅವರು ಬರ್ಲಿ. ಬಂದು ಅವನಿಗೆ ಬಾಯಿಂದಾನೇ ಹೇಳ್ಲಿ" ಎಂದ. ಮತ್ತೆ ಎಂಜಿನ್ ಹಚ್ಚಿದ. ಹಚ್ಚಿ, ಮುಂದೆ ಹೋಗದೆ ಹಾಗೇ ಕೂತಿದ್ದ. ನಾನು ಕಾರಿನ ಹತ್ತಿರ ಹೋಗಿ ತಿರುಗಿ ನೋಡಿದಾಗ ಅವನು ಯಂತ್ರದಿಂದ ಇಳಿದು ಮನೆಯ ಕಡೆ ನಡೆಯುತ್ತಿದ್ದ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಕಾರು ತರುತ್ತೇನೆ. ನಿನ್ನ ಮಂಡಿಗೆ ಆ ನೆಲಮಾಳಿಗೆಯ ಮೆಟ್ಟಿಲು ಇಳಿಯುವುದು ಕಷ್ಟ, ನನಗೆ ಗೊತ್ತು. ನನ್ನ ಭುಜ ಹಿಡಿದುಕೊಂಡು ಇಳಿ.

ಲಿಬಿ